ಮೊದಲು ಬಚ್ಚಲು, ಆಮೇಲೆ ಮನೆ: ಬಾತು–ಕೋಳಿಗಳ ಜಂಟಿ ಗೂಡಿನ ದಿನಚರಿ

ಬಾತುಕೋಳಿ ಎಂಬ ಹೆಸರಿನ ಬಾಲದಲ್ಲಿ ಕೋಳಿ ಇದೆ ಎಂಬ ಒಂದೇ ಕಾರಣಕ್ಕೆ ಎರಡನ್ನೂ ಒಂದೇ ಗೂಡಿನಲ್ಲಿ ಸಾಕಬಹುದೆಂದು ನಾನು ನಂಬಿದ್ದೆ. ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮೂರಿನ ಮನೆಯ ಹಿತ್ತಲಿನಲ್ಲಿ 12 ಹೇಂಟೆ, 1 ಹುಂಜ, 5 ಹೆಣ್ಣು ಬಾತು ಮತ್ತು 1 ಗಂಡು ಬಾತು ಈಗ ಒಂದೇ ಸೂರಿನಡಿ ಇರುವುದು ನಿಜ. ಆದರೆ ಆ ಸೂರಿನ ಕೆಳಗೆ ಇರುವುದು ಎರಡು ಬೇರೆ ಬೇರೆ ಮನೆಗಳು. ಜನವರಿಯಿಂದ ಮೇ ತಿಂಗಳವರೆಗೆ ನಡೆದ ಈ ಕೆಲಸದ ಅಳತೆ, ಖರ್ಚು ಮತ್ತು ಒಡೆದು ಕಟ್ಟಿದ ಭಾಗಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಂತೆ ಇಲ್ಲಿ ಕೊಡುತ್ತಿದ್ದೇನೆ.

ಕಳೆದ ವರ್ಷದ ಆಗಸ್ಟ್: ಕೊಟ್ಟಿಗೆಯ ಮೂಲೆ

ಮೊದಲ ಗೂಡು ಗೂಡೇ ಆಗಿರಲಿಲ್ಲ. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯ ಒಂದು ಮೂಲೆಗೆ ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಬಿಗಿದು, ನೆಲಕ್ಕೆ ಭತ್ತದ ಹೊಟ್ಟು ಹಾಸಿ, ನಾಲ್ಕು ವಾರದ 12 ಗಿರಿರಾಜ ತಳಿಯ ಕೋಳಿಮರಿಗಳನ್ನೂ 7 ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತು ಮರಿಗಳನ್ನೂ ಒಟ್ಟಿಗೆ ಬಿಟ್ಟಿದ್ದೆ. ನೀರಿಗೆ ಒಂದೇ ಬೋಗುಣಿ. ಬಾತು ನೀರನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಅದರಲ್ಲಿ ಕೊಕ್ಕು, ಮೂಗು, ಕಣ್ಣು ತೊಳೆಯುತ್ತದೆ. ಬಾಯಿಯಲ್ಲಿದ್ದ ಮೇವನ್ನೂ ಅಲ್ಲೇ ಉಗುಳುತ್ತದೆ. ನಾಲ್ಕನೆಯ ದಿನಕ್ಕೆ ಹೊಟ್ಟು ಗಂಜಿಯಂತಾಗಿ, ಬೆಳಗ್ಗೆ ಬಾಗಿಲು ತೆರೆದರೆ ಕಣ್ಣು ಉರಿಯುವಷ್ಟು ಹಿಕ್ಕೆಯ ಘಾಟು ಬರುತ್ತಿತ್ತು. ಮೂರನೆಯ ವಾರದಲ್ಲಿ ಕೋಳಿಮರಿಗಳಿಗೆ ರಕ್ತಭೇದಿ ತಗುಲಿ ಏಳು ಸತ್ತವು. ಪಶುವೈದ್ಯರು ಔಷಧಿ ಬರೆದುಕೊಟ್ಟು, ಹಾಸು ಒಣಗದಿದ್ದರೆ ಔಷಧಿಯಿಂದ ಪ್ರಯೋಜನವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಆ ರೋಗದ ಬೀಜ ಒದ್ದೆ ಹಾಸಿನಲ್ಲಿಯೇ ಬಲಿಯುವುದು.

ಎರಡನೆಯ ಪೆಟ್ಟು ಡಿಸೆಂಬರಿನಲ್ಲಿ ಬಿತ್ತು. ಕೋಳಿ ರಾತ್ರಿ ಎತ್ತರದಲ್ಲಿ ಕೂರುತ್ತದೆ, ಬಾತು ನೆಲದ ಮೇಲೆಯೇ ಮಲಗುತ್ತದೆ, ಅದೂ ಸಾಮಾನ್ಯವಾಗಿ ಅಂಚಿಗೆ ಒತ್ತಿಕೊಂಡು. ಒಂದು ಬೆಳಗ್ಗೆ ನೋಡಿದರೆ ಒಂದು ಬಾತಿನ ಮೈ ಒಳಗಿತ್ತು, ಕುತ್ತಿಗೆಯಿಂದ ಮೇಲಿನ ಭಾಗ ಇರಲಿಲ್ಲ. ಜಾಲರಿಯ ಒಂದು ಕಣ್ಣು ಮಾತ್ರ ಸ್ವಲ್ಪ ಅಗಲವಾಗಿ, ತಂತಿಗೆ ಕಂದು ಪುಕ್ಕ ಅಂಟಿತ್ತು. ಕಾಡುಬೆಕ್ಕಿನ ಕೆಲಸವೆಂದು ಅತ್ತೆ ಹೇಳಿದರು. ಕೋಳಿ ಜಾಲರಿ ಕೋಳಿಯನ್ನು ಒಳಗಿಡಲು ಸಾಕು, ಹೊರಗಿನದನ್ನು ಹೊರಗಿಡಲು ಸಾಲದು.

ಜನವರಿ 18: ಕಾಗದದ ಮೇಲೆ

ಸಂಕ್ರಾಂತಿ ಕಳೆದ ಮೇಲೆ ಲೆಕ್ಕ ಹಾಕಲು ಕುಳಿತೆ. ಕೋಳಿಯೊಂದಕ್ಕೆ ಒಳಗೆ ಎರಡೂವರೆ ಚದರಡಿಯಂತೆ, ಉಳಿದ ಗಿರಿರಾಜಗಳೂ ಅತ್ತೆಯ ನಾಟಿ ಕೋಳಿಗಳೂ ಸೇರಿ 13ಕ್ಕೆ 32 ಅಥವಾ 33 ಚದರಡಿ, ಬಾತಿಗೆ 4 ಚದರಡಿಯಂತೆ 6ಕ್ಕೆ 24 ಚದರಡಿ ಬೇಕಾಗುತ್ತದೆ. ಮುಂದೆ ಒಂದೆರಡು ಹೆಚ್ಚಾದರೂ ಇಕ್ಕಟ್ಟಾಗದಿರಲೆಂದು 12 ಅಡಿ ಉದ್ದ, 6 ಅಡಿ ಅಗಲದ ಕಟ್ಟಡವನ್ನು ಗೊತ್ತುಮಾಡಿ, ಪಶ್ಚಿಮದ 7 ಅಡಿಯನ್ನು ಕೋಳಿಗೂ ಪೂರ್ವದ 5 ಅಡಿಯನ್ನು ಬಾತಿಗೂ ಹಂಚಿದೆ. ನಡುವೆ ಗೋಡೆಯಲ್ಲ, ಗಾಳಿಯಾಡುವ ಜಾಲರಿ. ಉದ್ದವನ್ನು ಪೂರ್ವ–ಪಶ್ಚಿಮಕ್ಕೆ ಇಟ್ಟರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಕಿರಿದಾದ ಬದಿಗಳಿಗೆ ಮಾತ್ರ ಬಡಿಯುತ್ತದೆ; ಏಪ್ರಿಲ್ ತಿಂಗಳ ಮಂಡ್ಯ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ.

ನಕ್ಷೆಯನ್ನು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳದೆಯೇ ನೋಡಿ, "ಬಾತಿಗೆ ಮನೆ ಆಮೇಲೆ ಕಟ್ಟೀಯಂತೆ ಕಣವ್ವ, ಮೊದ್ಲು ಬಚ್ಚಲು ಕಟ್ಟು" ಎಂದರು. ನೀರಿಗೆ ಒಂದು ಇಂಗುಗುಂಡಿ ತೋಡಿಸಿದರಾಯಿತೆಂದು ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಈ ದಿನಚರಿಯ ಅತಿ ದುಬಾರಿ ಸಾಲು ಅದು.

ಜನವರಿ 26: ಜಾಗ ಮತ್ತು ಮಟ್ಟ

ಹಿತ್ತಲು ಪಶ್ಚಿಮದಿಂದ ಪೂರ್ವಕ್ಕೆ, ಬಾಳೆಯ ಗುಂಪಿನ ಕಡೆಗೆ ಇಳಿಯುತ್ತದೆ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಎರಡು ತುದಿ ಹಿಡಿದು ನೋಡಿದಾಗ 12 ಅಡಿಗೆ 7 ಇಂಚು ಇಳಿತ ಸಿಕ್ಕಿತು. ಬಾತನ್ನು ತಗ್ಗಿನ ಕಡೆ ಇಡಬೇಕೆಂಬ ತೀರ್ಮಾನ ಇಲ್ಲೇ ಗಟ್ಟಿಯಾಯಿತು. ಒದ್ದೆಯಾಗುವ ಕಡೆಯಿಂದ ಒಣ ಇರಬೇಕಾದ ಕಡೆಗೆ ನೀರು ಹರಿಯುವಂತೆ ಕಟ್ಟಿದರೆ ಆಗಸ್ಟ್ ತಿಂಗಳ ಕಥೆಯೇ ಮತ್ತೆ ನಡೆಯುತ್ತದೆ. ಬಾವಿಯಿಂದ ದೂರ 40 ಅಡಿ, ಅಡುಗೆಮನೆಯ ಕಿಟಕಿಯಿಂದ 35 ಅಡಿ. ಅಡುಗೆಮನೆಯಿಂದ ಕಾಣುವಂತಿರಲಿ ಎಂಬುದು ನನ್ನ ಷರತ್ತು, ವಾಸನೆ ಬರದಂತಿರಲಿ ಎಂಬುದು ಯಜಮಾನರ ಷರತ್ತು.

ಫೆಬ್ರವರಿ 2ರಿಂದ 7: ಗೋಡೆ ಮತ್ತು ನೆಲ

ಆರು ಇಂಚಿನ ಸಿಮೆಂಟ್ ಬ್ಲಾಕಿನ ಮೂರು ವರಸೆ: ಒಂದು ನೆಲದೊಳಗೆ, ಎರಡು ಮೇಲೆ. ಹೀಗೆ ನೆಲದಿಂದ 16 ಇಂಚು ಎತ್ತರದವರೆಗೆ ಗಟ್ಟಿ ಗೋಡೆ ಸಿಗುವುದರಿಂದ ಮಲಗಿದ ಬಾತಿನ ತಲೆ ಯಾವ ಬೆಕ್ಕಿಗೂ ಎಟುಕುವುದಿಲ್ಲ. ಒಳನೆಲಕ್ಕೆ 3 ಇಂಚು ಕಾಂಕ್ರೀಟು, ಮೇಲ್ಮೈ ನುಣುಪಾಗದಂತೆ ಹಸಿ ಇರುವಾಗಲೇ ತೆಂಗಿನ ಕಡ್ಡಿ ಪೊರಕೆಯಿಂದ ಗೀಚಿಸುವುದು. ಬಾತಿನ ಕಾಲು ಮೈಭಾರಕ್ಕೆ ತಕ್ಕಷ್ಟು ಗಟ್ಟಿಯಲ್ಲ, ನುಣ್ಣನೆಯ ನೆಲದಲ್ಲಿ ಜಾರಿದರೆ ಕುಂಟು ಬೀಳುತ್ತದೆ. ಇದೇ ಕಾರಣಕ್ಕೆ ಅದನ್ನು ಕಾಲು ಹಿಡಿದು ಎತ್ತಲೂಬಾರದು.

ನೆಲ ಹಾಕಿದ ದಿನ ನಾನು ಮಂಡ್ಯದ ಕಚೇರಿಯಲ್ಲಿದ್ದೆ. ಪೂರ್ವಕ್ಕೆ 3 ಇಂಚು ಇಳಿಜಾರು ಬೇಕೆಂದು ಹಿಂದಿನ ದಿನ ಬಾಯಿಮಾತಿನಲ್ಲಿ ಹೇಳಿದ್ದೆನೇ ಹೊರತು ಗೋಡೆಯ ಮೇಲೆ ಗೆರೆ ಎಳೆದಿರಲಿಲ್ಲ. ಗಾರೆ ಮೇಸ್ತ್ರಿ ತಮ್ಮ ಕಸುಬಿನ ಮರ್ಯಾದೆಗೆ ತಕ್ಕಂತೆ ನೆಲವನ್ನು ರಸಮಟ್ಟ ಇಟ್ಟು ಚಪ್ಪಟೆ ಮಾಡಿದ್ದರು. ಸಂಜೆ ಬಂದು ಒಂದು ಚೊಂಬು ನೀರು ಸುರಿದರೆ ಅದು ಎಲ್ಲಿಗೂ ಹೋಗದೆ ನನ್ನನ್ನೇ ನೋಡುತ್ತಾ ನಿಂತಿತು. "ಇಳಿಜಾರು ಅಂದ್ರೆ ಇಷ್ಟೊಂದು ಅಂತ ಗೊತ್ತಾಗ್ಲಿಲ್ಲ ಕಣಕ್ಕ" ಎಂದು ಅವರು ಮರುದಿನ ಒಪ್ಪಿಕೊಂಡು, ಪಶ್ಚಿಮದಲ್ಲಿ 3 ಇಂಚಿನಿಂದ ಆರಂಭಿಸಿ ಪೂರ್ವದಲ್ಲಿ ಶೂನ್ಯಕ್ಕೆ ಬರುವಂತೆ ಇನ್ನೊಂದು ಪದರ ಹಾಕಿದರು. ಎರಡು ಚೀಲ ಸಿಮೆಂಟು ಮತ್ತು ಅರ್ಧ ದಿನದ ಕೂಲಿ ಹೆಚ್ಚಾಯಿತು. ತಪ್ಪು ಗೆರೆ ಎಳೆಯದ ನನ್ನದು. ಪೂರ್ವದ ಗೋಡೆಯ ಬುಡದಲ್ಲಿ, ತೊಳೆದ ನೀರು ಹೊರಹೋಗಲು 2 ಇಂಚಿನ ಪೈಪು ಬಿಡಿಸಿ, ಹಾವು ನುಗ್ಗದಂತೆ ಅದರ ಬಾಯಿಗೆ ಜಾಲರಿ ಕಟ್ಟಿದೆ.

ಫೆಬ್ರವರಿ 14ರಿಂದ 23: ಚೌಕಟ್ಟು, ಜಾಲರಿ, ಹೆಂಚು

ಒಂದೂವರೆ ಇಂಚಿನ ಚೌಕ ಪೈಪಿನ ಕಂಬಗಳು. ಗೋಡೆಯ ಮೇಲಿನ ಅಡ್ಡಪೈಪು ನೆಲದಿಂದ ಐದೂವರೆ ಅಡಿಗೆ, ನೆತ್ತಿ 7 ಅಡಿಗೆ. ಎರಡೂ ಕಡೆ ಎರಡೂವರೆ ಅಡಿ ಚಾಚಿದ ಸೂರು ಬೇಕೆಂದು ನಾನೇ ಹಠ ಹಿಡಿದಿದ್ದೆ, ಏಕೆಂದರೆ ಗಾಳಿಯೊಡನೆ ಬರುವ ಮಳೆ ಜಾಲರಿಯ ಮೂಲಕ ನೇರವಾಗಿ ಹಾಸಿನ ಮೇಲೆ ಬೀಳುತ್ತದೆ. ಆದರೆ ಎರಡು ಅಡಿಗೆ ಒಂದು ಅಡಿ ಇಳಿಯುವ ಮಾಡು ಎರಡೂವರೆ ಅಡಿ ಮುಂದೆ ಚಾಚಿದರೆ ಸೂರಿನ ತುದಿ ನಾಲ್ಕೂಕಾಲು ಅಡಿಗೆ ಬರುತ್ತದೆ ಎಂಬ ಸರಳ ಲೆಕ್ಕವನ್ನು ಹಾಕಿರಲಿಲ್ಲ. ನಕ್ಷೆಯಲ್ಲಿ ಬಾಗಿಲು ಉತ್ತರದ ಉದ್ದನೆಯ ಬದಿಯಲ್ಲಿತ್ತು. ಚೌಕಟ್ಟು ವೆಲ್ಡ್ ಆದ ಮೇಲೆ ಒಳಗೆ ಹೋಗಲು ನೋಡಿ ಹಣೆ ಬಡಿಸಿಕೊಂಡೆ. ಮೇಲಿನಿಂದ ನೋಡಿದಂತೆ ಬರೆದ ನಕ್ಷೆಯಲ್ಲಿ ಎತ್ತರ ಕಾಣುವುದಿಲ್ಲ. ಬಾಗಿಲಿನ ಚೌಕಟ್ಟನ್ನು ಕತ್ತರಿಸಿ, ಪಶ್ಚಿಮದ ಕಿರುಬದಿಗೆ ಒಂದು, ಪೂರ್ವದ ಕಿರುಬದಿಗೆ ಒಂದು ಬಾಗಿಲು ಹಾಕಿಸಿದ್ದಾಯಿತು. ಹಾಗೆ ಮಾಡುವಾಗ ಎರಡೂ ಹೊರಕ್ಕೆ ತೆರೆಯುವಂತೆ ನೋಡಿಕೊಂಡೆ. ಒಳಕ್ಕೆ ತೆರೆದರೆ ನಾಲ್ಕು ಇಂಚಿನ ಹಾಸು ಪ್ರತಿದಿನ ಬಾಗಿಲಿಗೆ ಅಡ್ಡ ಬರುತ್ತದೆ.

ಜಾಲರಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಚದರಡಿಗೆ 32 ರೂಪಾಯಿ. ಕೋಳಿ ಜಾಲರಿಯ ನಾಲ್ಕರಷ್ಟು ಬೆಲೆ. ಆಡುವ ಅಂಗಳಕ್ಕೆ, ಅಂದರೆ ದಕ್ಷಿಣಕ್ಕಿರುವ 16 ಅಡಿ ಉದ್ದ 14 ಅಡಿ ಅಗಲದ ಬಯಲಿಗೆ, ಚೈನ್‌ಲಿಂಕ್ ಬೇಲಿ ಹಾಕಿ, ಅದರ ಬುಡಕ್ಕೆ ಒಂದು ಅಡಿ ಅಗಲದ ಮೆಶ್ ಪಟ್ಟಿಯನ್ನು ಹೊರಮುಖವಾಗಿ ಮಣ್ಣಿನಡಿ ಮಲಗಿಸಿದೆವು. ನಾಯಿಯಾಗಲಿ ಮುಂಗುಸಿಯಾಗಲಿ ಬೇಲಿಯ ಬುಡದಲ್ಲೇ ಕೆರೆಯುತ್ತದೆಯೇ ಹೊರತು ಒಂದು ಅಡಿ ಹಿಂದೆ ಸರಿದು ಕೆರೆಯುವುದಿಲ್ಲ.

ತಗಡು ಅಗ್ಗವಾಗಿತ್ತು, ಆದರೆ ಬೇಸಿಗೆಗೆ ಹೆದರಿದೆ. ಪಕ್ಕದೂರಿನಲ್ಲಿ ಕೆಡವುತ್ತಿದ್ದ ಹಳೆಯ ಆಲೆಮನೆಯ 280 ಮಂಗಳೂರು ಹೆಂಚುಗಳನ್ನು ತಂದೆ. ಹೊಗೆಯಿಂದ ಕಪ್ಪಾಗಿದ್ದ ಅವುಗಳಿಂದ ಮೊದಲ ವಾರವೆಲ್ಲ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು.

ಅಂಗಳದ ಮೇಲೆ ನೈಲಾನ್ ಬಲೆ ಹಾಕಿದ್ದು ಹದ್ದಿಗೆ ಮಾತ್ರವಲ್ಲ. ರಂಗನತಿಟ್ಟು ನಮಗೆ ದೂರವಿಲ್ಲ, ಗದ್ದೆಗೆ ನೀರು ಬಿಟ್ಟ ದಿನಗಳಲ್ಲಿ ನೀರುಹಕ್ಕಿಗಳು ಹಿತ್ತಲಿಗೂ ಇಳಿಯುತ್ತವೆ. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದಾಗಿ ಮೈಸೂರು ಮೃಗಾಲಯವನ್ನು ಮುಚ್ಚಿದ್ದನ್ನೂ 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಅದೇ ಜ್ವರ ಕಂಡು ಕೋಳಿಗಳನ್ನು ಕೊಂದದ್ದನ್ನೂ ಈ ಸೀಮೆಯವರು ಮರೆತಿಲ್ಲ. ಆ ವೈರಸ್ಸನ್ನು ಬಾತು ಹೊರನೋಟಕ್ಕೆ ಆರೋಗ್ಯವಾಗಿದ್ದುಕೊಂಡೇ ಹೊತ್ತು ಕೋಳಿಗೆ ದಾಟಿಸಬಲ್ಲದು. ಎರಡನ್ನೂ ಜೊತೆಗೆ ಸಾಕುವುದರ ನಿಜವಾದ ಅಪಾಯ ಇದು. ಬಲೆ ಹಕ್ಕಿಯನ್ನು ತಡೆದರೂ ಅದರ ಹಿಕ್ಕೆಯನ್ನು ತಡೆಯಲಾರದಾದ್ದರಿಂದ ಮೇವಿನ ಬಟ್ಟಲುಗಳನ್ನು ದಕ್ಷಿಣದ ಸೂರಿನ ಕೆಳಗೆ ಮಾತ್ರ ಇಡುತ್ತೇನೆ.

ಫೆಬ್ರವರಿ 25: ಒಳಗಿನ ಏರ್ಪಾಡು

ಕೋಳಿಯ ಕಡೆ ಕೂರಲು ಎರಡು ಇಂಚಿನ ರೀಪರಿನ, ಅಂದರೆ ಮರದ ಪಟ್ಟಿಯ, ಅಂಚು ಕೆತ್ತಿ ಉರುಟು ಮಾಡಿ, 6 ಅಡಿಯ ಎರಡು ಸಾಲು ಕೊಟ್ಟೆ. ಒಂದು ಕೋಳಿಗೆ 8 ಇಂಚಿನಂತೆ 13ಕ್ಕೆ ಬೇಕಾದದ್ದು ಸುಮಾರು ಒಂಬತ್ತು ಅಡಿ, ಸಿಕ್ಕಿದ್ದು ಹನ್ನೆರಡು. ಎರಡನ್ನೂ ಎರಡು ಅಡಿ ಎತ್ತರದಲ್ಲಿ ಸಮವಾಗಿಯೇ ಇಟ್ಟೆ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಎಲ್ಲವೂ ಮೇಲಿನದಕ್ಕೇ ಜಗಳವಾಡುತ್ತವೆ, ಸೋತದ್ದರ ಮೇಲೆ ಗೆದ್ದದ್ದರ ಹಿಕ್ಕೆ ಬೀಳುತ್ತದೆ. ಗಿರಿರಾಜ ತೂಕದ ಕೋಳಿ, ಎತ್ತರದಿಂದ ಧುಮುಕಿದರೆ ಅಂಗಾಲು ಬಾಯುತ್ತದೆಯಾದ್ದರಿಂದ ನಡುವೆ ಒಂದು ಅಡಿಗೆ ಮೆಟ್ಟಿಲಿನಂತೆ ಇನ್ನೊಂದು ರೀಪರು. ಮೊಟ್ಟೆಗೆ ಟೊಮೆಟೊ ಕ್ರೇಟು ಮೂರು, ನಾಲ್ಕು ಹೇಂಟೆಗೆ ಒಂದರಂತೆ.

ನನ್ನ ಕೈಲಿ ಸರಿಯಾದ ಒಂದು ಉಪಾಯವೆಂದರೆ ಬಾಗಿಲುಗಳ ಎತ್ತರ. ಕೋಳಿ ಹಾರುತ್ತದೆ, ಖಾಕಿ ಕ್ಯಾಂಪ್‌ಬೆಲ್ ಹಾರುವುದಿಲ್ಲ. ಆದ್ದರಿಂದ ಕೋಳಿಯ ಕಿಂಡಿಯನ್ನು ಎರಡು ಅಡಿ ಎತ್ತರದಲ್ಲಿ ಇಟ್ಟೆ, ಬಾತಿನದನ್ನು ನೆಲಕ್ಕೇ ಇಟ್ಟೆ. ಅಂಗಳವನ್ನು ಎರಡು ಮಾಡಿರುವ ಬೇಲಿಯೂ ಎರಡು ಅಡಿಯದೇ. ಗಂಡು ಬಾತು ಹೇಂಟೆಯನ್ನು ಏರಲು ಬಂದರೆ ಅದಕ್ಕೆ ಗಾಯವಾಗುತ್ತದೆ, ಅವುಗಳ ಅಂಗರಚನೆಯೇ ಬೇರೆ. ಹೇಂಟೆ ಬೇಲಿ ಹಾರಿ ಕೋಳಿಗಳ ಕಡೆಗೆ ಬಂದುಬಿಟ್ಟರೆ ಗಂಡು ಬಾತು ಬೇಲಿಯ ಬಳಿ ನಿಂತು ಬಾಲ ಅಲ್ಲಾಡಿಸಿ ಹಿಂದಿರುಗುತ್ತದೆ. ಕೋಳಿಯ ನೀರಿಗೆ 20 ಲೀಟರ್ ಕ್ಯಾನಿಗೆ ನಾಲ್ಕು ನಿಪ್ಪಲ್ ಹಾಕಿ ಒಳಗೆ ತೂಗುಹಾಕಿದ್ದೇನೆ. ಕುಟ್ಟಿದರೆ ಮಾತ್ರ ಹನಿ ಬೀಳುತ್ತದೆ, ಹಾಸು ಒಣಗಿರುತ್ತದೆ. ಅತ್ತೆಯ ನಾಟಿ ಕೋಳಿಗಳು ಒಂದೇ ದಿನಕ್ಕೆ ಕಲಿತವು, ಗಿರಿರಾಜಗಳಿಗೆ ಮೂರು ದಿನ ಹಿಡಿಯಿತು.

ಮಾರ್ಚ್ 1ರಿಂದ 12: ಹಕ್ಕಿಗಳು ಒಳಗೆ, ನೀರು ಹೊರಗೆ

ಮೊದಲ ಬೆಳಗ್ಗೆಯೇ ಬಾತಿನ ಕಿಂಡಿ ತಪ್ಪೆಂದು ತಿಳಿಯಿತು. ಕೋಳಿಗೂಡಿನ ಅಳತೆಯಂತೆ 10 ಇಂಚು ಅಗಲ ಬಿಟ್ಟಿದ್ದೆ. ಕೋಳಿಗಳು ಒಂದೊಂದಾಗಿ ಹೊರಬರುತ್ತವೆ, ಬಾತುಗಳು ಆರಕ್ಕೆ ಆರೂ ಒಮ್ಮೆಗೇ ನುಗ್ಗುತ್ತವೆ. ಮೂರು ಒಟ್ಟಿಗೆ ಸಿಕ್ಕಿಕೊಂಡು, ಕೆಳಗೆ ಬಿದ್ದದ್ದೊಂದು ಐದು ದಿನ ಕುಂಟಿತು. ಒಂದು ಬ್ಲಾಕು ಒಡೆಸಿ 18 ಇಂಚು ಮಾಡಿಸಿದೆ. ಬಾತಿನ ಕಡೆಗೆ ಹಾಸಿಗೆಂದು ಆಲೆಮನೆಯಿಂದ ಬಿಟ್ಟಿಯಾಗಿ ಸಿಕ್ಕ ಕಬ್ಬಿನ ಸಿಪ್ಪೆ ತುಂಬಿದ್ದೂ ಕೆಟ್ಟಿತು: ಒಂದು ವಾರಕ್ಕೆ ಅದರ ಮೇಲೆ ಬಿಳಿ ಬೂಷ್ಟು. ಬೂಷ್ಟಿಗೆ ಬಾತಿನಷ್ಟು ಬೇಗ ಬಲಿಯಾಗುವ ಹಕ್ಕಿ ಕಡಿಮೆ; ಮುಗ್ಗಿದ ಕಡಲೆಕಾಯಿ ಹಿಂಡಿಯನ್ನೂ ಜೋಳವನ್ನೂ ಅದಕ್ಕೆ ಹಾಕಬಾರದೆನ್ನುವುದು ಇದೇ ಕಾರಣಕ್ಕೆ. ಸಿಪ್ಪೆಯನ್ನೆಲ್ಲ ತಿಪ್ಪೆಗೆ ಎಳೆದು ಹಾಕಿ ಭತ್ತದ ಹೊಟ್ಟಿಗೇ ಮರಳಿದೆ.

ಇನ್ನು ಬಚ್ಚಲಿನ ವಿಷಯ. ಪ್ಲಾಸ್ಟಿಕ್ ಡ್ರಮ್ಮಿನ ತಳಭಾಗವನ್ನು 9 ಇಂಚಿಗೆ ಕತ್ತರಿಸಿ, ಬುಡಕ್ಕೆ ಎರಡು ಇಂಚಿನ ಪೈಪು ಮತ್ತು ಮುಚ್ಚಳ ಹಾಕಿ, ಹಳೆಯ ಕಿಟಕಿಯ ಸರಳುಗಳ ಮೇಲೆ ಇಟ್ಟಿದ್ದೆ. ಚೆಲ್ಲಿದ ನೀರು ಸರಳಿನ ಸಂದಿಯಿಂದ ಕೆಳಗಿನ ಸಿಮೆಂಟ್ ತಟ್ಟೆಗೆ ಇಳಿದು ಗುಂಡಿ ಸೇರಬೇಕು. ಡ್ರಮ್ಮಿನಲ್ಲಿ ಸುಮಾರು 60 ಲೀಟರ್ ಹಿಡಿಯುತ್ತದೆ, ದಿನಕ್ಕೆ ಎರಡು ಸಲ ಬದಲಾಯಿಸಿದರೆ 120 ಲೀಟರ್. ಗುಂಡಿ ಮೂರು ಅಡಿ ಉದ್ದ, ಅಗಲ, ಆಳ, ಒಳಗೆ ಜಲ್ಲಿ. ಜಲ್ಲಿಯ ಸಂದಿಗಳಲ್ಲಿ ನಿಲ್ಲುವುದು ಹೆಚ್ಚೆಂದರೆ 300 ಲೀಟರ್, ಅಂದರೆ ಎರಡೂವರೆ ದಿನದ ನೀರು. ಮಿಕ್ಕಿದ್ದನ್ನು ಮಣ್ಣು ಕುಡಿಯುತ್ತದೆಂದುಕೊಂಡಿದ್ದೆ. ನಾಲೆಯ ಬಯಲಿನ ನಮ್ಮ ಜಿಗುಟು ಮಣ್ಣು ಕುಡಿಯಲಿಲ್ಲ. ಬಾತು ತೊಳೆದ ಕೆಸರು ಜಲ್ಲಿಯ ಸಂದಿಗಳನ್ನು ಮುಚ್ಚಿಯೂಬಿಟ್ಟಿತು. ಹನ್ನೊಂದನೆಯ ದಿನ ಗುಂಡಿಯ ಬಾಯಲ್ಲಿ ಹೊಟ್ಟು ತೇಲುತ್ತಿತ್ತು, ಅದರ ಮೇಲೆ ಸೊಳ್ಳೆ ಎದ್ದಿದ್ದವು. ಕೋಳಿ ಸಿಡುಬನ್ನು ಸೊಳ್ಳೆಗಳೂ ಹರಡುತ್ತವೆ.

ಅತ್ತೆ ಏನೂ ಹೇಳಲಿಲ್ಲ. ಗುಂಡಿಯ ಬಳಿ ಬಂದು ನಿಂತು, ಬಾಳೆಯ ಕಡೆಗೊಮ್ಮೆ ನೋಡಿ, ಒಳಗೆ ಹೋದರು.

ಮಾರ್ಚ್ 15 ಮತ್ತು 16: ಬಚ್ಚಲು

ಗುಂಡಿ ಮುಚ್ಚಿಸಿ ತೆರೆದ ಕಾಲುವೆ ತೋಡಿದೆವು. ಡ್ರಮ್ಮಿನ ನೀರು ಮೊದಲು ಬಕೆಟ್ ಹಿಡಿಸುವಷ್ಟು ಸಣ್ಣ ತೊಟ್ಟಿಗೆ ಬಿದ್ದು, ಅಲ್ಲಿ ಪುಕ್ಕ ಮತ್ತು ಕೆಸರು ನಿಂತು, ಮೇಲಿನ ನೀರು ಮಾತ್ರ ಕಾಲುವೆಗೆ ದಾಟುತ್ತದೆ. ಕಾಲುವೆ 9 ಇಂಚು ಅಗಲ, 22 ಅಡಿ ಉದ್ದ, ಮೂರು ಬಾಳೆ ಬುಡಗಳಿಗೆ ಮೂರು ಕವಲು. ಒಂದೊಂದು ದಿನ ಒಂದೊಂದು ಕವಲಿನ ಬಾಯನ್ನು ಮಣ್ಣಿನಿಂದ ಕಟ್ಟಿ ಇನ್ನೊಂದನ್ನು ಬಿಡುವುದು, ಗದ್ದೆಗೆ ನೀರು ತಿರುಗಿಸಿದಂತೆಯೇ. ತೊಟ್ಟಿಯ ಕೆಸರನ್ನು ಎರಡು ದಿನಕ್ಕೊಮ್ಮೆ ಎತ್ತಿ ಬಾಳೆಗೇ ಹಾಕುತ್ತೇನೆ. ಇದಕ್ಕೆ ಖರ್ಚಾದದ್ದು ಅರ್ಧ ಚೀಲ ಸಿಮೆಂಟು ಮತ್ತು ನಮ್ಮಿಬ್ಬರ ಬೆನ್ನು ನೋವು. ಇದನ್ನೇ ಮೊದಲು ಮಾಡಿ ಇದರ ಮಟ್ಟಕ್ಕೆ ತಕ್ಕಂತೆ ಗೂಡು ಕಟ್ಟಿದ್ದರೆ ಬಾತಿನ ನೆಲ ಇನ್ನೂ ನಾಲ್ಕು ಇಂಚು ಎತ್ತರವಿರುತ್ತಿತ್ತು, ಕಾಲುವೆಗೆ ಓಟ ಸಿಗುತ್ತಿತ್ತು. ಈಗ 22 ಅಡಿಗೆ ಎರಡು ಇಂಚು ಇಳಿತ ಮಾತ್ರ ಉಳಿದಿದೆ.

ಬಾತಿನ ಮನೆಯೊಳಗೆ ನೀರಿಲ್ಲ. ನೀರಿಲ್ಲದೆ ಮೇವು ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ರಾತ್ರಿ ಮೇವನ್ನೂ ಇಡುವುದಿಲ್ಲ. ಸಂಜೆ ಆರೂವರೆಗೆ ಒಳಗೆ, ಬೆಳಗ್ಗೆ ಒಂಬತ್ತಕ್ಕೆ ಹೊರಗೆ. ಬಾತು ಮೊಟ್ಟೆಯಿಡುವುದು ನಸುಕಿನಲ್ಲಿ. ಬೇಗ ಬಿಟ್ಟರೆ ಮೊಟ್ಟೆ ಡ್ರಮ್ಮಿನಲ್ಲೋ ಕಾಲುವೆಯಲ್ಲೋ ಸಿಗುತ್ತದೆ. ಅವುಗಳಿಗೂ ಒಂದು ಕ್ರೇಟು ಇಟ್ಟಿದ್ದೆ, ಮೂಸಿಯೂ ನೋಡಲಿಲ್ಲ. ಮೂಲೆಯ ಹೊಟ್ಟಿನಲ್ಲಿ ತಾವೇ ಕುಳಿ ಮಾಡಿ ಇಟ್ಟು, ಮೇಲೆ ಹೊಟ್ಟು ಎಳೆದು ಮುಚ್ಚಿರುತ್ತವೆ. ಕೈಯಾಡಿಸಿ ಹುಡುಕಬೇಕು.

ಖರ್ಚು

ಬ್ಲಾಕು 4,200, ಸಿಮೆಂಟು 3,510, ಎಂ ಸ್ಯಾಂಡ್ ಮತ್ತು ಜಲ್ಲಿ 4,800, ಪೈಪು ಮತ್ತು ವೆಲ್ಡಿಂಗ್ 8,600, ವೆಲ್ಡ್ ಮೆಶ್ 4,800, ಚೈನ್‌ಲಿಂಕ್ 4,400, ಬಲೆ 1,150, ಹೆಂಚು 2,900, ರೀಪರು 3,700, ಮೇಸ್ತ್ರಿ ಮತ್ತು ಕೈಯಾಳಿನ ಕೂಲಿ 10,200, ಡ್ರಮ್ಮು, ನಿಪ್ಪಲ್, ಚಿಲಕ ಇತ್ಯಾದಿ 1,940. ಇದಲ್ಲದೆ ನೆಲ, ಬಾಗಿಲು, ಕಿಂಡಿ, ಗುಂಡಿಗಳನ್ನು ಒಡೆದು ಸರಿಮಾಡಿದ್ದಕ್ಕೆ 3,250. ಒಟ್ಟು 53,450 ರೂಪಾಯಿ. ಜನವರಿಯ ಕಾಗದದಲ್ಲಿ 35,000 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಮೊಟ್ಟೆ ಮಾರಿ ಇದನ್ನು ಹುಟ್ಟಿಸುವ ಲೆಕ್ಕವನ್ನು ಯಜಮಾನರು ಒಮ್ಮೆ ಬಾಯಿಬಿಟ್ಟು ಹಾಕಲು ಶುರುಮಾಡಿದರು, ನಾನು ಬೇರೆ ಮಾತು ತೆಗೆದೆ.

ಮೇ 11: ಮೊದಲ ದೊಡ್ಡ ಮಳೆ

ಸಂಜೆ ಐದರಿಂದ ಏಳರವರೆಗೆ ಗಾಳಿಯೊಡನೆ ಸುರಿಯಿತು. ಟಾರ್ಚು ಹಿಡಿದು ಹೋಗಿ ಕೋಳಿಯ ಕಡೆಯ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿದೆ. ಕೈ ಬಿಟ್ಟಾಗ ಪುಡಿಯಾಗಿ ಉದುರಿತು. ಬಾತಿನ ಕಡೆಯದು ಉಂಡೆಯಾಗಿ ನಿಂತಿತು, ಆದರೆ ನೀರು ಒಸರಲಿಲ್ಲ. ಎರಡು ಹೆಂಚು ಜರುಗಿದ್ದವು, ಬೆಳಗ್ಗೆ ಕೂರಿಸಿದೆ. ಕೆಟ್ಟದ್ದು ಸೂರಿನ ನೀರು. ದಕ್ಷಿಣದ ಮಾಡಿನಿಂದ ಇಳಿದದ್ದೆಲ್ಲ ಅಂಗಳಕ್ಕೆ ಬಿದ್ದು, ಮೇವಿನ ಬಟ್ಟಲುಗಳ ಮುಂದೆ ಉದ್ದಕ್ಕೂ ಗುಳಿ ಬಿದ್ದು ಕೆಸರಾಗಿದೆ. ಕೋಳಿಗಳು ಅದನ್ನು ದಾಟಲು ಒಪ್ಪದೆ ಕಿಂಡಿಯಲ್ಲಿಯೇ ಸಾಲಾಗಿ ಕುಳಿತಿದ್ದವು; ಬಾತುಗಳು ತಮ್ಮ ಕಡೆಯ ಗುಳಿಯಲ್ಲಿ ಸಾಲಾಗಿ ನಿಂತು, ಕತ್ತು ಮೇಲೆತ್ತಿ, ಹೆಂಚಿನ ಹನಿಗೆ ಬಾಯಿ ಒಡ್ಡಿದ್ದವು. ತಗಡಿನ ದೋಣಿ ಕಟ್ಟಿಸಬೇಕು. 15 ಅಡಿ ಉದ್ದ, ಪೂರ್ವಕ್ಕೆ ಎರಡು ಇಂಚು ಇಳಿಜಾರು, ಕೊನೆಯ ಪೈಪು ನೇರ ಕಾಲುವೆಗೆ. ತಗಡಿನ ಕೆಲಸದವರು 2,600 ಕೇಳಿದ್ದಾರೆ. ಇಳಿಜಾರಿನ ಗೆರೆಯನ್ನು ಈ ಸಲ ನಾನೇ ಸೀಮೆಸುಣ್ಣದಲ್ಲಿ ಎಳೆದಿಟ್ಟಿದ್ದೇನೆ.